ಮಾರ್ಫಿನ್ ಕೊಟ್ಟದ್ದರಿಂದ ಹೃದಯ ಒಡೆಯಿತೇ?

ಪ್ರಶ್ನೆ: ಹೃದಯಾಘಾತವಾದ ಮೂರನೇ ದಿನ ಹೃದಯದ ಗೋಡೆ ಒಡೆದು ನಮ್ಮ ತಂದೆ ತೀರಿಕೊಂಡರು. ಮೊದಲ ದಿನ ಎದೆನೋವಿಗೆ ಮಾರ್ಫಿನ್ ಕೊಟ್ಟಿದ್ದರು. ಮಾರ್ಫಿನ್ ಪಡೆದವರಲ್ಲಿ ಸಾವು ಹೆಚ್ಚೆಂದು ಓದಿದೆ. ಅದೇ ಕಾರಣವೇ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಅಲ್ಲ. ರಕ್ತ ಸಿಗದೆ ಸತ್ತ ಸ್ನಾಯು ಮೆತ್ತಗಾಗಿ, ಒಳಗಿನ ಒತ್ತಡ ತಡೆಯಲಾರದೆ ಒಡೆಯುತ್ತದೆ. ಹೆಚ್ಚಾಗಿ ಮೊದಲ 24 ಗಂಟೆಯೊಳಗೆ, ಇಲ್ಲವೇ 3ರಿಂದ 5ನೇ ದಿನದ ನಡುವೆ. ವಯಸ್ಸಾದವರಲ್ಲಿ, ಆಸ್ಪತ್ರೆಗೆ ತಡವಾಗಿ ಬಂದವರಲ್ಲಿ ಈ ಅಪಾಯ ಜಾಸ್ತಿ.

ನೀವು ಓದಿದ್ದು ಬಹುಶಃ 2005ರಲ್ಲಿ ಪ್ರಕಟವಾದ ಅಮೆರಿಕದ ‘ಕ್ರುಸೇಡ್’ ವಿಶ್ಲೇಷಣೆ. 57,000ಕ್ಕೂ ಹೆಚ್ಚು ರೋಗಿಗಳ ದಾಖಲೆಯಲ್ಲಿ ಮಾರ್ಫಿನ್ ಪಡೆದಿದ್ದ ಸುಮಾರು ಶೇ 30 ಮಂದಿಯಲ್ಲಿ ಸಾವು ಹೆಚ್ಚು ಕಂಡಿತ್ತು. ಆದರೆ ಅಲ್ಲಿ ಯಾರಿಗೆ ಮಾರ್ಫಿನ್, ಯಾರಿಗೆ ಬೇಡ ಎಂದು ಚೀಟಿ ಎತ್ತಿರಲಿಲ್ಲ. ನೋವು ವಿಪರೀತವಿದ್ದವರಿಗೆ ಕೊಟ್ಟಿದ್ದರು. ಅಂಥವರ ಸ್ಥಿತಿಯೇ ಕೆಟ್ಟದಿರಬಹುದು. ಹೃದಯ ಒಡೆದವರ ಬಗ್ಗೆ ಬರುವ ಅಧ್ಯಯನಗಳೂ ಹೆಚ್ಚಾಗಿ ಹಳೇ ಕೇಸ್ ಶೀಟ್ ಓದಿ ಮಾಡಿದವು, ಈ ದೋಷ ಅವಕ್ಕೂ ಇದೆ.

ಮಾರ್ಫಿನ್‌ನ ನಿಜವಾದ ತೊಂದರೆ ಹೊಟ್ಟೆಯಲ್ಲಿ. ಅದು ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ, ನುಂಗಿದ ಮಾತ್ರೆ ಅಲ್ಲೇ ಕೂರುತ್ತದೆ. 2016ರಲ್ಲಿ ಪೋಲೆಂಡಿನ ತಜ್ಞರು 70 ಮಂದಿಯಲ್ಲಿ ಪರೀಕ್ಷಿಸಿದಾಗ, 5 ಮಿ.ಗ್ರಾಂ. ಮಾರ್ಫಿನ್ ಪಡೆದವರ ರಕ್ತಕ್ಕೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಟಿಕಾಗ್ರೆಲಾರ್ ಮಾತ್ರೆ ಶೇ 36ರಷ್ಟು ಕಡಿಮೆ ಸೇರಿತ್ತು. ಅದಕ್ಕೇ ಕೆಲವರು ಮಾತ್ರೆ ಪುಡಿಮಾಡಿ ಕೊಡುತ್ತಾರೆ.

ಒಡೆದ ಮೇಲಿನ ಮಾತೇ ಬೇರೆ. ಕಡಿಮೆಯಾಗಿದ್ದ ನೋವು ದಿಢೀರನೆ ಮರುಕಳಿಸಿ, ಬಿಪಿ ಕುಸಿದು, ಕತ್ತಿನ ರಕ್ತನಾಳ ಉಬ್ಬಿದರೆ, ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬುತ್ತಿರಬಹುದು. ಆಗ ಮಾರ್ಫಿನ್ ರಕ್ತನಾಳ ಸಡಿಲಿಸಿ ಬಿಪಿಯನ್ನು ಇನ್ನಷ್ಟು ಇಳಿಸುತ್ತದೆ. ಇನ್ನೊಂದು ಡೋಸ್ ಹಾಕುವ ಮೊದಲು ಮಂಚದ ಬಳಿಗೆ ಎಕೋ (ಹೃದಯದ ಸ್ಕ್ಯಾನ್) ಯಂತ್ರ ಬರಬೇಕು. ನೋವು ತಡೆಯಲೇಬೇಕಾದರೆ, ಬಿಪಿ ನೋಡುತ್ತಾ ಫೆಂಟನಿಲ್ ಎಂಬ ಇನ್ನೊಂದು ನೋವಿನ ಮದ್ದಿನ 25 ಮೈಕ್ರೋಗ್ರಾಂನಂಥ ಸಣ್ಣ ಪ್ರಮಾಣ ಸಾಕು.

ಪ್ರಶ್ನೆ: ಎದೆನೋವು ಬಂದರೆ ಡೈಕ್ಲೋಫಿನ್ಯಾಕ್ ತೆಗೆದುಕೊಳ್ಳಬಹುದೇ?
– ಓದುಗರೊಬ್ಬರು, ಯಶವಂತಪುರ

ಉತ್ತರ: ಬೇಡ. ನಿಜವಾಗಿ ಹೆದರಬೇಕಾದದ್ದು ಇದಕ್ಕೆ, ಮಾರ್ಫಿನ್‌ಗಲ್ಲ. ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಗುಂಪಿನ ನೋವಿನ ಮಾತ್ರೆಗಳು ಸತ್ತ ಸ್ನಾಯುವಿನ ಗಾಯ ಮಾಯುವುದಕ್ಕೆ ಅಡ್ಡಿಯಾಗಬಲ್ಲವು. ಹೃದಯಾಘಾತದಲ್ಲಿ ಇವನ್ನು ನಿಲ್ಲಿಸಲು ಮಾರ್ಗಸೂಚಿಗಳು ಹೇಳುವ ಕಾರಣಗಳಲ್ಲಿ ಗೋಡೆ ಒಡೆಯುವ ಅಪಾಯವೂ ಒಂದು. ‘ಗ್ಯಾಸ್ ಇರಬೇಕು’ ಎಂದು ನೋವು ಅಡಗಿಸಿ ಕೂತರೆ ಸಮಯವೂ ಹೋಯಿತು. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ ಆಸ್ಪಿರಿನ್ 300–325 ಮಿ.ಗ್ರಾಂ. ಇಡಿಯಾಗಿ ನುಂಗದೆ ಅಗಿದು ನುಂಗಿ, 108ಕ್ಕೆ ಕರೆಮಾಡಿ. ಜಯದೇವದಂಥ, ಹಗಲಿರುಳು ಕ್ಯಾತ್ ಲ್ಯಾಬ್ (ಕಟ್ಟಿದ ಹೃದಯದ ರಕ್ತನಾಳ ತೆರೆಯುವ ಕೊಠಡಿ) ನಡೆಯುವ ಆಸ್ಪತ್ರೆಗೇ ಹೋಗಿ.