ಮಾತ್ರೆಯ ಲೇಬಲ್ ನೆನಪಿಟ್ಟುಕೊಳ್ಳಬೇಕಾ?

"ನನಗೆ ಮರೆವಿನ ಕಾಯಿಲೆ ಶುರುವಾಗಿದೆ" ಎಂದು ಆಪ್ತಸಲಹೆಗಾರಳಾದ ನನ್ನ ಹತ್ತಿರ ಬರುವವರಲ್ಲಿ ಕೆಲವರ ಕಥೆ ಒಂದೇ ಥರ ಇರುತ್ತದೆ. ಮನೆಯಲ್ಲಿ ಯಾರಿಗೋ ಮಾತ್ರೆ ಕೊಡುವಾಗ ತಪ್ಪಾಗಿರುತ್ತದೆ. ಅದೂ ಡಾಕ್ಟರ ಚೀಟಿ ಇಲ್ಲದೆ ಸಿಗುವ, ಎಷ್ಟೋ ವರ್ಷದಿಂದ ನುಂಗುತ್ತಿರುವ ಮಾತ್ರೆ. ಇಂಥವರು ಮತ್ತೆ ಮತ್ತೆ ಬರುತ್ತಿರುವುದರಿಂದ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಆ ಮಹಿಳೆಗೆ ನಲವತ್ತು ದಾಟಿದೆ. ಲೆಕ್ಕಪತ್ರ ತಪಾಸಣೆಯ ಕೆಲಸ. ವಯಸ್ಸಾದ ಅಪ್ಪ ಜೊತೆಗಿದ್ದಾರೆ. ಅಪ್ಪನಿಗೆ ಜ್ವರ ಬಂತು, ಮೂಗು ಕಟ್ಟಿತು. ಜ್ವರಕ್ಕೆ 650 ಮಿಲಿಗ್ರಾಂನ ಪ್ಯಾರಾಸಿಟಮಾಲ್ ದಿನಕ್ಕೆ ನಾಲ್ಕು ಸಲ ಕೊಟ್ಟರು. ಶೀತಕ್ಕೆ ಇನ್ನೊಂದು ಮಾತ್ರೆ, ಅದೂ ನಾಲ್ಕು ಸಲ. ಆ ಶೀತದ ಮಾತ್ರೆಯಲ್ಲೂ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇತ್ತು. ಕೂಡಿದರೆ ದಿನಕ್ಕೆ 4600. ದೊಡ್ಡವರಿಗೆ ಸಾಮಾನ್ಯವಾಗಿ ಹೇಳುವ ಗರಿಷ್ಠ ಮಿತಿ 24 ಗಂಟೆಗೆ 4000. ವಯಸ್ಸಾದವರಿಗೆ, ತೂಕ ಕಮ್ಮಿ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಡಾಕ್ಟರು ಅದಕ್ಕಿಂತ ಕಮ್ಮಿಯನ್ನೇ ಹೇಳುವುದುಂಟು. ಎರಡನೇ ದಿನ ಇವರ ಕಣ್ಣಿಗೆ ಬಿತ್ತು. ಕೂಡಲೇ ಆಸ್ಪತ್ರೆಗೆ ಓಡಿದರು. ರಕ್ತಪರೀಕ್ಷೆ ಮಾಡಿ, ನಿಗಾದಲ್ಲಿಟ್ಟು, ಲಿವರ್‌ಗೆ ಏನೂ ಆಗಿಲ್ಲ ಎಂದು ಮನೆಗೆ ಕಳಿಸಿದರು.

ಅಪ್ಪ ಚೇತರಿಸಿಕೊಂಡರು. ಮಗಳು ಚೇತರಿಸಿಕೊಳ್ಳಲಿಲ್ಲ. ಅವರ ತಮ್ಮ ಫೋನ್ ಮಾಡಿದಾಗ ಒಂದು ಮಾತು ಅಂದಿದ್ದ: "ಅಕ್ಕಾ, ದಿನಾ ಲೆಕ್ಕ ನೋಡೋಳು ನೀನು. ಒಂದು ಲೇಬಲ್ ಓದೋಕೆ ಆಗ್ಲಿಲ್ವಾ?" ಅದು ನಾಟಿಬಿಟ್ಟಿತ್ತು. ಈಗ ಅಪ್ಪನಿಗೆ ಯಾವ ಮಾತ್ರೆ ಕೊಡುವ ಮುಂಚೆಯೂ ಸ್ಟ್ರಿಪ್ ನೋಡುತ್ತಾರೆ, ಇಡುತ್ತಾರೆ, ಮತ್ತೆ ತೆಗೆದು ನೋಡುತ್ತಾರೆ. ಕೊಟ್ಟ ಮೇಲೂ ಹೋಗಿ ನೋಡುತ್ತಾರೆ. ರಾತ್ರಿ ಎದ್ದು ನೋಡುತ್ತಾರೆ. "ಓದಿದ್ದು ಐದು ನಿಮಿಷಕ್ಕೆ ಮರೆತುಹೋಗತ್ತೆ ಮೇಡಂ" ಅಂದರು. ಆಫೀಸಿನ ಕೆಲಸದಲ್ಲಿ ಒಂದು ಅಂಕಿಯೂ ತಪ್ಪುತ್ತಿರಲಿಲ್ಲ. ದಾರಿ, ಹೆಸರು, ಮಾತುಕತೆ, ಯಾವುದೂ ಮರೆಯುತ್ತಿರಲಿಲ್ಲ. ಬೇರೆ ಲಕ್ಷಣ ಇದ್ದಿದ್ದರೆ ನಾನೇ ನರರೋಗ ತಜ್ಞರ ಹತ್ತಿರ ಕಳಿಸುತ್ತಿದ್ದೆ.

ಒಂದು ದಿನ ಅವರ ಬ್ಯಾಗಿನಲ್ಲೇ ಆ ಜ್ವರದ ಮಾತ್ರೆಯ ಸ್ಟ್ರಿಪ್ ಇತ್ತು. ತೆಗೆಯುವುದು ಬೇಡ ಅಂದೆ. ಬಿಳಿ ಹಾಳೆ ಕೊಟ್ಟು, ಅದರ ಮೇಲೆ ಏನೇನಿದೆಯೋ ನೆನಪಿನಿಂದ ಬರೆಯಿರಿ ಅಂದೆ. ಕಂಪನಿ ಇಟ್ಟ ಹೆಸರು ಬರೆದರು, ಅಕ್ಷರದ ಬಣ್ಣದ ಸಮೇತ. "ಜ್ವರ, ಮೈಕೈ ನೋವು" ಎಂದು ಬರೆದರು. ಪೆನ್ನು ನಿಂತಿತು.

"ಒಳಗಿನ ಔಷಧಿಯ ಹೆಸರು ಎಲ್ಲಿದೆ?"

"ಕೆಳಗಡೆ ಇರಬೇಕು... ಹಿಂದುಗಡೆನಾ?"

"ಎಷ್ಟು ಗಂಟೆ ಬಿಟ್ಟು ಕೊಡಬೇಕು ಅಂತ ಇದೆಯಾ?"

ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು. "ಸಾವಿರ ಸಲ ನೋಡಿದ್ದೀನಿ ಮೇಡಂ, ಇದನ್ನ."

"ನೋಡಿದ್ದು ನಿಜ. ಓದಿದ್ದು ಯಾವಾಗ?"

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಮೊದಲನೇ ಸಲ ತಂದಾಗ ಓದಿರಬಹುದು. ಆಮೇಲೆ ಬಣ್ಣ ನೋಡಿ ತಗೊಳ್ಳೋದು, ಅಷ್ಟೇ."

ನಮ್ಮ ಕೆಲಸ ಅಲ್ಲಿಂದ ತಿರುಗಿತು. 1979ರಲ್ಲಿ ನಿಕರ್ಸನ್ ಮತ್ತು ಆಡಮ್ಸ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದವರಿಗೆ ಅವರ ಒಂದು ಸೆಂಟಿನ ನಾಣ್ಯದ ಚಿತ್ರ ನೆನಪಿನಿಂದ ಬರೆಯಲು ಹೇಳಿದ್ದರು. ಹುಟ್ಟಿದಾಗಿನಿಂದ ಕೈಯಲ್ಲಿ ಹಿಡಿದ ನಾಣ್ಯ. ಹೆಚ್ಚಿನವರಿಗೆ ಅದರ ಮೇಲಿನ ವಿವರ ಸರಿಯಾಗಿ ಬರೆಯಲಾಗಲಿಲ್ಲ. ಗುರುತು ಹಿಡಿಯಲು ಬೇಕಾದಷ್ಟನ್ನು ಮಾತ್ರ ಮನಸ್ಸು ಇಟ್ಟುಕೊಳ್ಳುತ್ತದೆ. ಮಾತ್ರೆ ವಿಷಯದಲ್ಲಿ ಬಣ್ಣ, ದೊಡ್ಡ ಅಕ್ಷರದ ಹೆಸರು, ಯಾವುದಕ್ಕೆ ಅನ್ನೋದು, ಇಷ್ಟು ಉಳಿಯುತ್ತದೆ. ಅಪಾಯ ತಪ್ಪಿಸುವ ಮಾಹಿತಿ ಸಣ್ಣ ಅಕ್ಷರದಲ್ಲಿದೆ, ಅದು ಉಳಿಯುವುದಿಲ್ಲ. ಎಷ್ಟೋ ಸ್ಟ್ರಿಪ್‌ಗಳಲ್ಲಿ ಅದು ಬೆನ್ನಿನ ಹಾಳೆಯ ಮೇಲಿರುತ್ತದೆ, ನಾಲ್ಕು ಮಾತ್ರೆ ಒತ್ತಿ ತೆಗೆಯುವಷ್ಟರಲ್ಲಿ ಹರಿದೂ ಹೋಗಿರುತ್ತದೆ. ಕಾಯಿಲೆ ಬಿದ್ದವರ ಪಕ್ಕದಲ್ಲಿ ನಿದ್ದೆಗೆಟ್ಟು ಕೂತವರಿಗೆ ಇದೆಲ್ಲ ಬಾಯಿಪಾಠ ಇರಬೇಕು ಎಂದು ಬಯಸುವುದೇ ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ಹತ್ತು ಸಲ ನೋಡುವುದು ಒಳ್ಳೇದೇ ಅಲ್ವಾ? ಅವರೂ ಕೇಳಿದರು. ಒಳ್ಳೇದಲ್ಲ. 2003ರಲ್ಲಿ ವಾನ್ ಡೆನ್ ಹೌಟ್ ಮತ್ತು ಕಿಂಟ್ ಎಂಬ ಮನಶ್ಶಾಸ್ತ್ರಜ್ಞರು ಕಂಪ್ಯೂಟರಿನಲ್ಲಿ ಒಂದು ಗ್ಯಾಸ್ ಒಲೆ ಮಾಡಿ, ಜನರಿಂದ ಅದನ್ನು ಮತ್ತೆ ಮತ್ತೆ ಆರಿಸಿ ಪರೀಕ್ಷೆ ಮಾಡಿಸಿದರು. ಕೊನೆಗೆ ಜನರ ನೆನಪು ಹೆಚ್ಚುಕಮ್ಮಿ ಸರಿಯಾಗಿಯೇ ಇತ್ತು. ಅದರ ಮೇಲಿನ ನಂಬಿಕೆ ಮಾತ್ರ ಕುಸಿದಿತ್ತು. ಒಂದೇ ಥರದ ಹತ್ತು ನೋಟ ಒಂದರೊಳಗೊಂದು ಕಲಸಿಹೋಗುತ್ತವೆ. "ಈಗ ನೋಡಿದ್ದಾ, ಆಗ ನೋಡಿದ್ದಾ?" ಎಂಬ ಅನುಮಾನ ಹುಟ್ಟುತ್ತದೆ. ಇವರು ಮರೆವು ಅಂದುಕೊಂಡಿದ್ದು ಇದನ್ನೇ.

ಅದಕ್ಕೇ ನಾನು ಕೊಟ್ಟ ಸಲಹೆ ಚಿಕ್ಕದು. ಕೊಡುವ ಹೊತ್ತಿಗೆ ಒಂದೇ ಸಲ, ಬಾಯಿಬಿಟ್ಟು ಓದಿ: ಒಳಗಿನ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ. ಇನ್ನೊಂದು ಮಾತ್ರೆಯೂ ಇದ್ದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಕೊಟ್ಟ ಕೂಡಲೇ ಹಾಳೆಯ ಮೇಲೆ ಗಂಟೆ ಬರೆಯಿರಿ. ಅಲ್ಲಿಗೆ ಮುಗಿಯಿತು. ಅನುಮಾನ ಬಂದರೆ ಹಾಳೆ ನೋಡಿ, ಸ್ಟ್ರಿಪ್ ಮುಟ್ಟಬೇಡಿ. ಬರೆಯುವುದೇ ಬಿಟ್ಟುಹೋಗಿದ್ದರೆ ಅಂದಾಜಿನ ಮೇಲೆ ಇನ್ನೊಂದು ಕೊಡಬೇಡಿ, ಔಷಧಿ ಕೊಡುವವರನ್ನೋ ಡಾಕ್ಟರನ್ನೋ ಕೇಳಿ. ಸ್ಟ್ರಿಪ್‌ನಲ್ಲಿ ಹೆಸರಿಲ್ಲದ ತುದಿಯಿಂದ ಮಾತ್ರೆ ತೆಗೆಯಿರಿ.

ಹಾಳೆಯಲ್ಲಿ ಅವರು ಮೊದಲು "ಶೀತದ ಮಾತ್ರೆ ಜೊತೆ ಕೊಡಬಾರದು" ಎಂದು ಬರೆದಿದ್ದರು. ಅದನ್ನು ಅಳಿಸಿ "ಒಂದೇ ಮಾತ್ರೆ, ಜ್ವರದ್ದು" ಎಂದು ಬರೆಸಿದೆ. ದಿನ ಕಳೆದಂತೆ "ಬಾರದು" ಮಾಸಿ, ಎರಡು ಮಾತ್ರೆ ಜೊತೆಗಿದ್ದದ್ದಷ್ಟೇ ಉಳಿಯಬಹುದು. ಹೀಗೆ ಎಚ್ಚರಿಕೆಯೇ ತಿರುಗಿ ಸಲಹೆಯಾಗುವುದು, ಅದರಲ್ಲೂ ವಯಸ್ಸಾದವರಲ್ಲಿ, 2005ರ ಒಂದು ಅಧ್ಯಯನದಲ್ಲಿ ಚೆನ್ನಾಗಿ ಕಂಡಿದೆ.

ಇದು ಆಪ್ತಸಲಹೆಗಾರರ ಕೆಲಸವಾ, ಔಷಧಿ ಕೊಡುವವರು ಹೇಳಬೇಕಾದ್ದಲ್ವಾ ಎಂದು ನನ್ನ ಜೊತೆಯವರೊಬ್ಬರು ಕೇಳಿದ್ದರು. ತಪ್ಪಿತಸ್ಥ ಭಾವಕ್ಕೆ ಬರೀ ಸಮಾಧಾನ ಹೇಳಿ ಕಳಿಸಿದ್ದರೆ ಆಕೆ ಅದೇ ರಾತ್ರಿ ಎದ್ದು ಸ್ಟ್ರಿಪ್ ಹುಡುಕುತ್ತಿದ್ದರು. ಇನ್ನೊಂದು ಮಾತನ್ನೂ ನಾನು ಬಿಡದೆ ಹೇಳುತ್ತೇನೆ: ಪ್ಯಾರಾಸಿಟಮಾಲ್ ಜಾಸ್ತಿಯಾಗಿದೆ ಅನಿಸಿದರೆ ಲಕ್ಷಣಕ್ಕೆ ಕಾಯಬಾರದು. ಮೊದಲ ದಿನ ಏನೂ ಕಾಣದೇ ಇರಬಹುದು. ಇದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಮದ್ದಿದೆ, ಒಟ್ಟಿಗೆ ಜಾಸ್ತಿ ನುಂಗಿದ್ದರೆ ಎಂಟು ಗಂಟೆಯೊಳಗೆ ಕೊಟ್ಟಾಗ ಅದರ ಫಲ ಚೆನ್ನಾಗಿರುತ್ತದೆ. ನಾಚಿಕೆಯಿಂದ ತಪ್ಪು ಮುಚ್ಚಿಟ್ಟರೆ ಆ ಹೊತ್ತು ಕೈತಪ್ಪುತ್ತದೆ. ಈಕೆ ಮುಚ್ಚಿಡದೆ ಓಡಿದ್ದರು. ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ, ನಾನು ಹೇಳಿದೆ.

ತಮ್ಮನನ್ನೂ ಒಂದು ಸಲ ಕರೆಸಿದೆ. ಅವನಿಗೂ ಹಾಳೆ ಕೊಟ್ಟು, ತಾನು ದಿನಾ ನುಂಗುವ ಅಲರ್ಜಿ ಮಾತ್ರೆಯ ಲೇಬಲ್ ಬರೆಯಲು ಹೇಳಿದೆ. ಹೆಸರು ಬರೆದು ನಿಲ್ಲಿಸಿದ. ಈಗ ಅಪ್ಪನಿಗೆ ಹುಷಾರಿಲ್ಲದಾಗ ಅವನು ಫೋನ್ ಮಾಡಿ ಕೇಳುವುದು, "ಅಕ್ಕಾ, ಹಾಳೆ ಓದು, ನಾನೂ ಇಲ್ಲಿ ಬರ್ಕೋತೀನಿ" ಎಂದು.