ಶತ್ರುವಿಗೆ ಮುಚ್ಚಿಟ್ಟದ್ದು ನೆರೆಯವರಿಗೂ ಯಾಕೆ?

ಪತ್ರ: ಪೋಖ್ರಾನ್ ಅಣುಬಾಂಬ್ ಪರೀಕ್ಷೆಯ ಗುಟ್ಟನ್ನು ನಮ್ಮವರು ಎಷ್ಟು ಚೆನ್ನಾಗಿ ಕಾಪಾಡಿದರು! ದೇಶದ ವಿಷಯವನ್ನೆಲ್ಲ ಜನರಿಗೆ ಯಾಕೆ ಹೇಳಬೇಕು? ಜನ ಸುಮ್ನೆ ನಂಬಿದರೆ ಸಾಕು.
– ನಿವೃತ್ತ ಅಧ್ಯಾಪಕರು, ಪೆರ್ಲ, ಕಾಸರಗೋಡು

ಉತ್ತರ: ಮಾಷ್ಟ್ರೇ, ನಿಮ್ಮ ಮೊದಲ ಮಾತು ಒಪ್ಪಿದೆ. 1995ರಲ್ಲಿ ಅಮೆರಿಕದ ಉಪಗ್ರಹ ನಮ್ಮ ತಯಾರಿಯನ್ನು ಹಿಡಿದುಹಾಕಿತ್ತು. 1998ರಲ್ಲಿ 58ನೇ ಎಂಜಿನಿಯರ್ ರೆಜಿಮೆಂಟಿನವರು ರಾತ್ರಿ ದುಡಿದು, ಬೆಳಗಾಗುವ ಮೊದಲು ಯಂತ್ರಗಳನ್ನು ಹಿಂದಿನ ಜಾಗಕ್ಕೇ ತಂದು ನಿಲ್ಲಿಸುತ್ತಿದ್ದರು. ಕಲಾಂ ಸೇನೆಯ ಸಮವಸ್ತ್ರ ತೊಟ್ಟು 'ಮೇಜರ್ ಜನರಲ್ ಪೃಥ್ವಿರಾಜ್' ಆದರು. ಅಮೆರಿಕಕ್ಕೆ ಗೊತ್ತಾದದ್ದು ಮೇ 11ರಂದು, ಬಾಂಬ್ ಸಿಡಿದ ಮೇಲೆ. ಅದು ಶಿಸ್ತು, ಸರಿ.

ಆದರೆ ಖೇತೋಲಾಯಿ ಬಗ್ಗೆ ನೀವು ಒಂದಕ್ಷರ ಬರೆಯಲಿಲ್ಲ. ಪರೀಕ್ಷೆ ನಡೆದಲ್ಲಿಗೆ ಹತ್ತಿರದ ಹಳ್ಳಿ ಅದು. ಆ ದಿನ ಸೈನಿಕರು ಬಂದು, ಮನೆಯೊಳಗೆ ಇರಬೇಡಿ ಎಂದರು. ಮಕ್ಕಳು ಮರಿ ಎಲ್ಲ ಮೇ ತಿಂಗಳ ಬಿಸಿಲಲ್ಲಿ ಹೊರಗೆ. ಮಧ್ಯಾಹ್ನ 3.45ಕ್ಕೆ ನೆಲ ಅದುರಿತು, ಗೋಡೆಗಳು ಬಿರುಕು ಬಿಟ್ಟವು.

1945 ಜುಲೈ 16ರ ಕಥೆ ಇನ್ನೂ ಕೆಟ್ಟದು. ನ್ಯೂ ಮೆಕ್ಸಿಕೋದಲ್ಲಿ ಜಗತ್ತಿನ ಮೊದಲ ಅಣುಬಾಂಬ್ ಸಿಡಿಯಿತು. ಮದ್ದುಗುಂಡಿನ ಗೋದಾಮು ಸ್ಫೋಟಿಸಿತೆಂದು ಸೇನೆ ಸುಳ್ಳು ಹೇಳಿತು. ಸುತ್ತಲಿನ ಎಷ್ಟೋ ಮನೆಯವರು ಮಾಡಿನಿಂದ ಇಳಿದ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಕುಡಿಯುವವರು. ಆ ಮಾಡಿನ ಮೇಲೆ ವಿಷದ ಬೂದಿ ಬಿದ್ದಿತ್ತು. ಕುಡಿಯಬೇಡಿ ಎಂದು ಒಬ್ಬರೂ ಹೇಳಲಿಲ್ಲ. ಹಾಗಾದರೆ ಗುಟ್ಟು ಉಳಿಯಿತೇ? ಬಾಂಬ್ ತಯಾರಾದ ಲಾಸ್ ಅಲಾಮೋಸ್‌ನಲ್ಲಿ ಹೊರಹೋಗುವ ಕಾಗದಗಳನ್ನು ಸೆನ್ಸಾರಿನವರು ಓದುತ್ತಿದ್ದರು. ಆದರೂ ಅಲ್ಲೇ ಇದ್ದ ವಿಜ್ಞಾನಿ ಕ್ಲಾಸ್ ಫುಕ್ಸ್ ಬಾಂಬಿನ ವಿವರವನ್ನು ಸೋವಿಯತ್ತಿಗೆ ದಾಟಿಸಿಬಿಟ್ಟಿದ್ದ. ಸ್ಟಾಲಿನ್‌ಗೆ ಗೊತ್ತಿದ್ದದ್ದು ಪಕ್ಕದ ದನ ಸಾಕುವವನಿಗೆ ಗೊತ್ತಿರಲಿಲ್ಲ, ಅಲ್ವಾ!

ನೀವು ಪೆರ್ಲದವರು ಬೇರೆ. ಎಣ್ಮಕಜೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ನಿಮಗೆ ನಾನು ಹೇಳಬೇಕೇ? ಅಲ್ಲಿ ಯಾವ ಶತ್ರು ಕಿವಿಗೊಟ್ಟು ಕೂತಿದ್ದ? ಹುಟ್ಟುವ ಮಕ್ಕಳಿಗೆ ಏನಾದೀತು ಎಂದು ನಿಮ್ಮೂರ ತಾಯಂದಿರಿಗೆ ಮೊದಲೇ ವಿವರಿಸಿದವರು ಯಾರು? ಸುಮ್ನೆ ನಂಬಿದ್ದಕ್ಕೆ ಸಿಕ್ಕಿದ್ದು ಅದು. ಪಾಠ ಹೇಳಿದ ನೀವೇ ಹೀಗೆ ಬರೆದರೆ ನನಗೆ ಬೇಸರವಾಗುತ್ತದೆ.

ಈಗಲೂ ಅಷ್ಟೇ. ಮೊನ್ನೆ ಒಂದು ಕಚೇರಿಯ ಗೋಡೆಯಲ್ಲಿ ನೋಟಿಸು ಅಂಟಿಸಿದ್ದರು. ಬಾವಿ ನೀರು ಕಾಯಿಸಿ ಕುಡಿಯಿರಿ ಅಂತ, ಮಲಯಾಳದಲ್ಲಿ ಮಾತ್ರ. ಅಜ್ಜಿಯೊಬ್ಬರು ಕನ್ನಡಕ ಏರಿಸಿ ನೋಡಿ, "ಇದ್ರಲ್ಲಿ ಎಂತ ಬರ್ದಿದೆ ಮಗಾ?" ಎಂದು ನನ್ನನ್ನು ಕೇಳಿದರು. ಕನ್ನಡದವರೇ ಜಾಸ್ತಿ ಇರುವ ಊರದು. ನಿಮ್ಮ ಕಡೆ ಇಂಥ ನೋಟಿಸು ಕಂಡರೆ ಫೋಟೋ ತೆಗೆದು ಕಳಿಸಿ ಮಾಷ್ಟ್ರೇ. ಕನ್ನಡ ಮಾಡಿ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.