ಮಿರಾಕಲ್ ಫ್ರೂಟ್ (ತಿಂದ ಮೇಲೆ ಹುಳಿಯೂ ಸಿಹಿಯೆನಿಸುವ ಹಣ್ಣು) ಗಿಡದ ಎಲೆ ಹಳದಿಯಾಗುತ್ತಿದೆ, ಎರಡು ವರ್ಷವಾದರೂ ಹೂ ಬಿಟ್ಟಿಲ್ಲ. ಯಾವ ಗೊಬ್ಬರ ಹಾಕಬೇಕು?

ದಯವಿಟ್ಟು ಯಾವ ಗೊಬ್ಬರವನ್ನೂ ಹಾಕಬೇಡಿ. ಇದೇ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೆ. ನಾನೇ ಕಂಡುಕೊಂಡ ಉತ್ತರವನ್ನು ನಂಬಿ, ಮೂರು ವರ್ಷ ಸಾಕಿದ ಗಿಡವನ್ನು ಕಳೆದುಕೊಂಡೆ.

ನನಗೆ ಮೊದಲು ಸಿಕ್ಕಿದ್ದು ಒಣಗಿಸಿಟ್ಟ ಬೀಜಗಳು. ಅವುಗಳಲ್ಲಿ ಒಂದೂ ಮೊಳೆಯಲಿಲ್ಲ. ಈ ಬೀಜ ಒಣಗಿದರೆ ಬೇಗನೆ ಜೀವ ಕಳೆದುಕೊಳ್ಳುತ್ತದೆ ಎಂಬುದು ಆಮೇಲೆ ತಿಳಿಯಿತು. ಪರಿಚಿತರೊಬ್ಬರು ಕೊಟ್ಟ ಹಣ್ಣನ್ನು ತಿಂದು, ಅದೇ ದಿನ ಬೀಜವನ್ನು ತೊಳೆದು ಊರಿದಾಗ ಸಸಿ ಬಂತು. ಎರಡು ವರ್ಷ ಕಳೆದರೂ ಅದು ಗೇಣುದ್ದವಷ್ಟೇ ಇತ್ತು. ಪಶ್ಚಿಮ ಆಫ್ರಿಕಾ ಮೂಲದ ಈ ಗಿಡದ ಬೆಳವಣಿಗೆಯೇ ನಿಧಾನ, ಬೀಜದಿಂದ ಬೆಳೆಸಿದರೆ ಫಲಕ್ಕೆ ಮೂರು ನಾಲ್ಕು ವರ್ಷವಾದರೂ ಬೇಕು. ಆದರೆ ನಾನು ಆ ನಿಧಾನವನ್ನು ಹಸಿವೆಂದು ಭಾವಿಸಿದೆ.

ಮೂರನೆಯ ವರ್ಷ ಎಲೆಗಳು ಹಳದಿಗೆ ತಿರುಗಿದವು. ಎರೆಗೊಬ್ಬರ ಹಾಕಿದೆ. ಹಳದಿ ಹೆಚ್ಚಾದಾಗ ಸೌದೆಯ ಬೂದಿಯನ್ನೂ ಮೊಟ್ಟೆಯ ಚಿಪ್ಪಿನ ಪುಡಿಯನ್ನೂ ಸೇರಿಸಿ, ದಿನವೂ ಬೋರ್‌ವೆಲ್ ನೀರನ್ನು ಉಣಿಸಿದೆ. ಹಳದಿ ಎಲ್ಲಿಂದ ಶುರುವಾಗಿದೆ ಎಂದು ಒಮ್ಮೆಯೂ ಬಗ್ಗಿ ನೋಡಲಿಲ್ಲ, ಅದೇ ನನ್ನ ತಪ್ಪು. ಸಾರಜನಕ ಸಾಲದಿದ್ದರೆ ಕೆಳಗಿನ ಹಳೆಯ ಎಲೆಗಳು ಮೊದಲು ಇಡಿಯಾಗಿ ಹಳದಿಯಾಗುತ್ತವೆ. ನನ್ನ ಗಿಡದಲ್ಲಿ ಕುಡಿಯ ಎಳೆಯ ಎಲೆಗಳೇ ಹಳದಿಯಾಗಿದ್ದವು. ನರಗಳು ಮಾತ್ರ ಹಸಿರಾಗಿ, ಹಳದಿ ಬಟ್ಟೆಯ ಮೇಲೆ ಹಸಿರು ದಾರದಲ್ಲಿ ಬಲೆ ಹೆಣೆದಂತೆ ಕಾಣುತ್ತಿದ್ದವು. ಅದು ಕಬ್ಬಿಣದ ಕೊರತೆಯ ಗುರುತು. ಆದರೆ ಮಣ್ಣಿನಲ್ಲಿ ಕಬ್ಬಿಣ ಇಲ್ಲದಿರಲಿಲ್ಲ, ಬೇರಿಗೆ ದಕ್ಕುತ್ತಿರಲಿಲ್ಲ, ಅಷ್ಟೇ. ಮಣ್ಣಿನ ಹುಳಿಯನ್ನು ಅಳೆಯುವ ರಸಸಾರ, ಅಂದರೆ ಪಿಎಚ್ (ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು), 7 ದಾಟಿದರೆ ಕಬ್ಬಿಣವು ನೀರಿನಲ್ಲಿ ಕರಗದ ರೂಪಕ್ಕೆ ತಿರುಗಿಬಿಡುತ್ತದೆ. ಬೂದಿ ಕ್ಷಾರ, ಮೊಟ್ಟೆಯ ಚಿಪ್ಪು ಸುಣ್ಣ, ನನ್ನ ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಎಂಬ ಲವಣ ಕೂಡ ಪಿಎಚ್ ಏರಿಸುವಂಥದ್ದೇ. ಈ ಗಿಡಕ್ಕೆ ಬೇಕಾದದ್ದು 4.5ರಿಂದ 5.8ರ ನಡುವಿನ ಹುಳಿ ಮಣ್ಣು. ಪಿಎಚ್ ಅಳತೆಯಲ್ಲಿ ಒಂದು ಅಂಕಿ ಎಂದರೆ ಹತ್ತು ಪಟ್ಟು ವ್ಯತ್ಯಾಸ. ಹಾಗಾಗಿ 5.5ರಲ್ಲಿರಬೇಕಾದ ಮಣ್ಣು 7.5ಕ್ಕೆ ಏರಿದರೆ ಹುಳಿ ನೂರು ಪಟ್ಟು ತಗ್ಗಿದಂತೆ. ಕುಂಡದ ಅಂಚಿನಲ್ಲಿ ಬೆರಳಿನಿಂದ ಕೆರೆದರೆ ಪುಡಿಯಾಗಿ ಉದುರುವ ಬಿಳಿ ಪದರ ಕಟ್ಟಿತ್ತು. ತಿಂಗಳುಗಟ್ಟಲೆ ಅದನ್ನು ಒರೆಸಿ ತೆಗೆದೆನೇ ಹೊರತು, ಅದು ನೀರಿನ ಸುಣ್ಣ ಎಂದು ಯೋಚಿಸಲಿಲ್ಲ. ಎಲೆಯ ಅಂಚು ಸುಟ್ಟಂತಾಗಿ, ಕುಡಿ ಒಣಗಿ, ಕೊನೆಗೆ ಗಿಡ ಸತ್ತಿತು.

ಆದ್ದರಿಂದ ಯಾವ ಗೊಬ್ಬರ ಎನ್ನುವ ಪ್ರಶ್ನೆಯನ್ನು ಬಿಟ್ಟು, ಯಾವ ನೀರು ಎಂದು ಕೇಳಿಕೊಳ್ಳಿ. ಎರಡನೆಯ ಗಿಡಕ್ಕೆ ನಾನು ಸಂಗ್ರಹಿಸಿಟ್ಟ ಮಳೆನೀರನ್ನು ಬಿಟ್ಟು ಬೇರೆ ನೀರು ಹಾಕಿಲ್ಲ. ಪೀಟ್ ಮಾಸ್‌ಗೆ (ಜೌಗುನೆಲದ ಪಾಚಿ ಕೊಳೆತು ಆದ, ಹುಳಿ ಸ್ವಭಾವದ ಪುಡಿ) ಪರ್ಲೈಟ್ (ನೀರು ಬಸಿಯಲು ನೆರವಾಗುವ ಹಗುರವಾದ ಬಿಳಿ ಹರಳು) ಬೆರೆಸಿ ಕುಂಡ ತುಂಬಿದೆ. ತೋಟದ ಮಣ್ಣನ್ನು ಹಿಡಿಯಷ್ಟೂ ಸೇರಿಸಲಿಲ್ಲ. ತೆಂಗಿನ ನಾರಿನ ಪುಡಿಯನ್ನು ಬಳಸುವುದಾದರೆ ಉಪ್ಪು ಹೋಗುವವರೆಗೆ ಚೆನ್ನಾಗಿ ತೊಳೆಯಬೇಕು, ಏಕೆಂದರೆ ಈ ಗಿಡ ಉಪ್ಪನ್ನು ತಾಳುವುದಿಲ್ಲ. ನೀರಿಗೆ ವಿನೆಗರ್ ಬೆರೆಸಿರೆಂದು ಹಲವರು ಹೇಳುತ್ತಾರೆ. ಅಳತೆ ತಪ್ಪಿದರೆ ಬೇರು ಸುಡುವ ಆ ದಾರಿಯನ್ನು ನಾನಂತೂ ಯಾರಿಗೂ ಸೂಚಿಸುವುದಿಲ್ಲ. ಹದವಾದ ನೆರಳು, ನೀರು ನಿಲ್ಲದ ಕುಂಡ ಇವೆರಡೂ ಬೇಕು, ಅದನ್ನು ನೀವು ಬಲ್ಲಿರಿ.

ನಾಲ್ಕನೆಯ ವರ್ಷ ಎಲೆಯ ಬುಡಗಳಲ್ಲಿ ಪುಟ್ಟ ಬಿಳಿ ಹೂಗಳು ಬಂದವು, ಆಮೇಲೆ ಎರಡು ಸೆಂಟಿಮೀಟರ್ ಉದ್ದದ ಕೆಂಪು ಹಣ್ಣು. ತಿರುಳಿಗೆ ಹೇಳಿಕೊಳ್ಳುವಂಥ ರುಚಿ ಇಲ್ಲ. ಅದನ್ನು ನಾಲಿಗೆಯ ಮೇಲೆಲ್ಲ ಹೊರಳಿಸಿ, ಬೀಜ ಉಗುಳಿ, ನಿಂಬೆಯ ಹೋಳು ಕಚ್ಚಿದಾಗ ಅದು ಸಿಹಿಯಾಗಿತ್ತು. ಮಿರಾಕ್ಯುಲಿನ್ ಎಂಬ ಪ್ರೋಟೀನ್ ನಾಲಿಗೆಯ ಸಿಹಿಗ್ರಾಹಕಗಳಿಗೆ ಅಂಟಿಕೊಂಡು, ಹುಳಿ ತಗುಲಿದಾಗ ಮಾತ್ರ ಅವನ್ನು ಎಚ್ಚರಿಸುತ್ತದೆ. ಹಣ್ಣಿಗೂ ಗಿಡಕ್ಕೂ ಹುಳಿಯೇ ಬೇಕೆಂಬುದು ಆಗ ನನಗೆ ಮನದಟ್ಟಾಯಿತು.

ಈಗ ನಿಮ್ಮ ಗಿಡದ ಕುಡಿಯನ್ನು ನೋಡಿ. ನರ ಹಸಿರಾಗಿ, ನಡುವೆ ಹಳದಿಯಾಗಿದ್ದರೆ ಇಂದೇ ನೀರು ಬದಲಿಸಿ, ಮಳೆನೀರಿನಿಂದ ಕುಂಡವನ್ನು ಎರಡು ಮೂರು ಬಾರಿ ತೊಳೆದು ಹರಿಸಿ, ಚಿಲೇಟೆಡ್ ಕಬ್ಬಿಣವನ್ನು (ಬೇರಿಗೆ ದಕ್ಕುವ ರೂಪದಲ್ಲಿರುವ ಕಬ್ಬಿಣ) ಪೊಟ್ಟಣದ ಮೇಲೆ ಹೇಳಿದ ಅಳತೆಯಲ್ಲಿ ಒಮ್ಮೆ ಕೊಡಿ. ಬೂದಿ, ಸುಣ್ಣ ಬೆರೆತಿದ್ದರೆ ತೊಳೆದರೆ ಸಾಲದು, ಮಿಶ್ರಣವನ್ನೇ ಬದಲಿಸಬೇಕು. ಹಳದಿಯಾಗಿರುವ ಹಳೆಯ ಎಲೆಗಳು ಪೂರ್ತಿ ಹಸಿರಾಗದೆ ಇರಬಹುದು. ಹೊಸದಾಗಿ ಬರುವ ಎಲೆಯ ಬಣ್ಣವನ್ನು ಗಮನಿಸಿ. ಹೂವಿಗೆ ಇನ್ನೂ ಎರಡು ವರ್ಷ ಕೊಡಿ.